ರಿಗೊಪೂಲಳ ಪುಕ್ಕಟೆ ಅಂಚೆಪೆಟ್ಟಿಗೆ

ಗ್ರೀಕ್ ದ್ವೀಪವೊಂದರ ಓಲಿಂಬೊಸ್ ಊರಿನ ಬೆಟ್ಟದ ಬೆನ್ನ ಮೇಲೆ ಸಾಲಾಗಿ ನಿಂತಿರುವ ಗಾಳಿಗಿರಣಿಗಳಲ್ಲಿ ಕಡಲಿಗೆ ಎದೆಕೊಟ್ಟು ನಿಂತಿರುವುದು ಕಲೀತ್ಸಳ ಗಿರಣಿ. ಒಂದು ಸುಗ್ಗಿಯಲ್ಲಿ ಬೀಸಿದ ಬಿರುಗಾಳಿ ಊರಿನ ಗಿರಣಿಗಳ ಪಟಗಳನ್ನೆಲ್ಲ ಹರಿದು ಚಿಂದಿ ಮಾಡಿತು. ಆಗ ಆ ಕಲೀತ್ಸ ತನ್ನ ಮದುವೆಯ ಹಾಸುಹೊದಿಕೆಗಳನ್ನು ಕೂಡಿಸಿ ಹೊಲಿದು ಪಟ ಕಟ್ಟಿ, ಊರಿಗೆಲ್ಲ ಜವೆಗೋಧಿ ಬೀಸಿಕೊಟ್ಟಳು. ಅವಳ ಹಿರಿಮಗಳು ರಿಗೊಪೂಲ. ಇಟಲಿಯವರ ಆಳ್ವಿಕೆಯಲ್ಲಿ, ಅವರ ಸಿಪಾಯಿಗಳ ಕಣ್ಣು ತಪ್ಪಿಸಿ, ದ್ಯಾಫಾನಿ ಬಂದರಿನಿಂದ ಚರ್ಚಿನ ಗಂಟೆಯನ್ನು ಕಂಬಳಿಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತಿದವಳು. ದಾರಿಗಡ್ಡ ಬಂದ ಸಿಪಾಯಿ "ಏನದು ಗಂಟು?" ಎಂದು ಗದರಿದಾಗ "ನಮ್ಮತ್ತೆ ನಾಲಗೆ ಕಣಪ್ಪ, ಮುಟ್ಟಬೇಡ, ಶುರುವಾದ್ರೆ ನಿಲ್ಲಲ್ಲ" ಅಂದಳಂತೆ. ಅವಳ ಹಿರಿಮಗಳು ಮತ್ತೊಬ್ಬ ಕಲೀತ್ಸ. ಗಂಡ ಅಮೆರಿಕದಲ್ಲಿ ಸೇತುವೆಗಳಿಗೆ ಬಣ್ಣ ಬಳಿಯುತ್ತ ವರ್ಷಗಟ್ಟಲೆ ಅಲ್ಲೇ ಉಳಿದಾಗ, ಆವ್ಲೋನದ ಮೆಟ್ಟಿಲುಹೊಲದಲ್ಲಿ ಒಬ್ಬಳೇ ಜೋಡಿ ಹಸು ಕಟ್ಟಿ ಉತ್ತವಳು, ಬಂಡೆ ಹೊತ್ತು ಒಕ್ಕಣೆಯ ಕಣ ಕಟ್ಟಿದವಳು.

ಈ ಎರಡನೆಯ ಕಲೀತ್ಸಳ ಹಿರಿಮಗಳೇ ನಮ್ಮ ರಿಗೊಪೂಲ. ಹೀಗೆ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಅದೇ ಹೆಸರು ತಿರುಗಿ ಬರುವುದು ಆ ಊರಿನ ಕಟ್ಟಳೆ. ಹಿರಿಮಗಳಿಗೆ ತಾಯಿಯ ತಾಯಿಯ ಹೆಸರೇ ಇಡಬೇಕು. ಹೆಸರಿನ ಹಿಂದೆಯೇ ತಾಯಿಯ ಮನೆ, ಹೊಲ, ಆಲಿವ್ ಮರ, ಕೊರಳಿನ ಚಿನ್ನದ ಕಾಸಿನ ಸರ ಎಲ್ಲವೂ ಅವಳ ಪಾಲಿಗೇ ಬರಬೇಕು. ಅಂಗೈಯಗಲದ ಹೊಲವನ್ನು ಒಡೆದು ಹಂಚಿದರೆ ಯಾರ ಹೊಟ್ಟೆಯೂ ತುಂಬುವುದಿಲ್ಲವೆಂದು ಹಿರಿಯರು ಮಾಡಿದ ಏರ್ಪಾಡು. ಹೊಲವೇನೋ ಉಳಿಯಿತು. ಕಿರಿಮಗಳಂದಿರು ಉಳಿಯಲಿಲ್ಲ, ಅಕ್ಕನ ಮನೆಯಲ್ಲಿ ಪಾತ್ರೆ ತೊಳೆಯುತ್ತ ಸವೆದರು, ಇಲ್ಲವೆ ಹಡಗು ಹತ್ತಿದರು.

ರಿಗೊಪೂಲಳ ತಂಗಿ ಸೆವಾಸ್ತಿ ಹಡಗು ಹತ್ತಿದವಳು. ದ್ಯಾಫಾನಿಯ ದೋಣಿ ಕಟ್ಟುವವನ ಮಗ ಅವಳನ್ನು ಮೆಚ್ಚಿದ್ದ. ಹುಡುಗನ ತಾಯಿ ಮಾತ್ರ, ಹುಡುಗಿ ಏನು ತರುತ್ತಾಳೆ ಎಂದು ಕೇಳಿದಳು. ಸೆವಾಸ್ತಿ ತಾಯಿಯ ಮುಂದೆ ನಿಂತು, ಆವ್ಲೋನದ ಕೆಳಗಿನ ಎರಡು ಪಟ್ಟಿ ಹೊಲ ಕೊಡು, ಮಿಕ್ಕಿದ್ದೇನೂ ಬೇಡ ಎಂದಳು. ತಾಯಿ ಕಟ್ಟಳೆ ಮುರಿಯಲಿಲ್ಲ. ಪಕ್ಕದಲ್ಲೇ ಕೂತು ತನ್ನ ಮದುವೆಯ ಅಂಗಿಗೆ ಕಸೂತಿ ಹಾಕುತ್ತಿದ್ದ ರಿಗೊಪೂಲ ಕತ್ತೆತ್ತಲಿಲ್ಲ. ಕತ್ತೆತ್ತಿ ಒಂದು ಮಾತು ಆಡಿದ್ದರೆ ತಾಯಿ ಕೇಳುತ್ತಿದ್ದಳೋ ಏನೋ. ಅಕ್ಕನ ಮದುವೆಯಲ್ಲಿ ಕಾಫಿಯ ತಟ್ಟೆ ಹಿಡಿದು ಓಡಾಡಿದ ಸೆವಾಸ್ತಿ, ಮದುವೆಯ ಮಾರನೆಯ ವಾರದ ಹಡಗಿಗೆ ಪಿರೇಯಸ್ ಬಂದರಿಗೆ ಹೋದಳು, ಅಲ್ಲಿಂದ ಅಮೆರಿಕದ ಬಾಲ್ಟಿಮೋರ್‌ಗೆ. ಆಮೇಲೆ ಒಂದು ಕಾಗದವಿಲ್ಲ, ಒಂದು ಮಾತಿಲ್ಲ. ತಾಯಿ ಸತ್ತಾಗಲೂ ಇಲ್ಲ. ಬೇಸಗೆಗೆ ಊರಿಗೆ ಬರುವ ಬಾಲ್ಟಿಮೋರ್ ಜನ, ಸೆವಾಸ್ತಿ ಬೇಕರಿ ಇಟ್ಟಿದ್ದಾಳೆ, ಮಕ್ಕಳಾಗಿವೆ, ಗಟ್ಟಿಯಾಗಿದ್ದಾಳೆ ಎನ್ನುತ್ತಿದ್ದರು. "ನನ್ನ ಸುದ್ದಿ ಕೇಳಿದ್ಲಾ?" ಎಂದು ರಿಗೊಪೂಲ ಕೇಳಿದರೆ ಅವರು ಮಾತು ಬದಲಾಯಿಸುತ್ತಿದ್ದರು. ನಲವತ್ತು ವರ್ಷ ದಾಟಿದರೂ ರಿಗೊಪೂಲಳ ಜೀವ ಬಡಿದುಕೊಳ್ಳುತ್ತಿದ್ದದ್ದು ಅದೊಂದಕ್ಕೆ: ತಂಗಿಯ ಬಾಯಿಂದ ಒಂದು ಮಾತು ಬರಲಿ, ಬೈಗುಳವಾದರೂ ಸರಿ.

ರಿಗೊಪೂಲಳ ಗಂಡ ಫಿಲಿಪ್ಪಾಸ್ ಬೂಟು ಹೊಲಿಯುವವನು. ಆ ಊರಿನ ಹೆಂಗಸರು ಮೊಣಕಾಲುದ್ದದ ಚರ್ಮದ ಬೂಟು ಹಾಕಿಕೊಂಡೇ ಹೊಲಕ್ಕೂ ಚರ್ಚಿಗೂ ಹೋಗುವವರು. ಕಲ್ಲಿಗೂ ಹಾವಿಗೂ ಬೇರೆಯದು ತಡೆಯುವುದಿಲ್ಲ. ಗಂಡನ ಪಕ್ಕ ಕೂತು ದಾರಕ್ಕೆ ಮೇಣ ಉಜ್ಜುತ್ತಲೇ ಅವಳು ಕೆಲಸ ಕಲಿತಳು. ಅವನು ತೀರಿಕೊಂಡ ಮೇಲೆ ದಬ್ಬಳ ಕೈಗೆತ್ತಿಕೊಂಡಳು. "ಹೆಂಗಸು ಹೊಲಿದ ಬೂಟು ಎಷ್ಟು ದಿನ ಬಾಳುತ್ತೆ?" ಎಂದು ನಕ್ಕವರ ಹೆಂಡತಿಯರೇ ಅವಳ ಗಿರಾಕಿಗಳಾದರು. ಊರು ಬಿಟ್ಟು ಹೋದವರ ಹೆಣ್ಣುಮಕ್ಕಳಿಗೂ ಮದುವೆಗೆ, ಹಬ್ಬಕ್ಕೆ ಆ ಬೂಟೇ ಬೇಕು. ಅವರು ಕಾಗದದ ಮೇಲೆ ಕಾಲಿಟ್ಟು ಸುತ್ತ ಪೆನ್ಸಿಲ್ ಎಳೆದು ಅಂಚೆಯಲ್ಲಿ ಕಳಿಸುತ್ತಿದ್ದರು. ಅಂಚೆ ಬರುವಷ್ಟರಲ್ಲಿ ಮದುವೆ ಮುಗಿದು ಮಗು ಹುಟ್ಟಿರುತ್ತಿತ್ತು.

ಸೋಫಿಲ್ಲಳ ಕಾಫಿ ಅಂಗಡಿಗೆ ಕಂಪ್ಯೂಟರ್ ಬಂದಾಗ ಇದಕ್ಕೊಂದು ದಾರಿಯಾಯಿತು. ಸೋಫಿಲ್ಲ ರಿಗೊಪೂಲಳ ಓರಗೆಯವಳು, ಆವ್ಲೋನದಲ್ಲಿ ಪಕ್ಕದ ಹೊಲದವಳು, ಗಂಟಲು ಊರಿಗಿಂತ ದೊಡ್ಡದು. ಕಂಪ್ಯೂಟರ್ ತಂದು ಜೋಡಿಸಿದವನು ಮೀನಾಸ್. ಪಿಗಾದಿಯಾ ಪೇಟೆಯಲ್ಲಿ ಕಂಪ್ಯೂಟರ್, ಫ್ರಿಜ್ಜು, ದೋಣಿಯ ಮೋಟಾರು ಎಲ್ಲವನ್ನೂ ರಿಪೇರಿ ಮಾಡುವ ದಪ್ಪನೆಯ ಸಂಸಾರಸ್ಥ. ಅವನಿಗೆ ಚರ್ಚಿನಲ್ಲಿ ಹೆಸರಿಡುವಾಗ ಎತ್ತಿಕೊಂಡು ನಿಂತವಳು ರಿಗೊಪೂಲ. ಹಾಗಾಗಿ ಅವಳು ಅವನಿಗೆ ದೊಡ್ಡಮ್ಮ.

"ದೊಡ್ಡಮ್ಮ, ಅಥೆನ್ಸ್‌ನಲ್ಲಿ ಒಂದು ಕಂಪನಿ ಪುಕ್ಕಟೆ ಇ-ಮೇಲ್ ಕೊಡ್ತಿದೆ. ಒಂದು ಪೆಟ್ಟಿಗೆ ಮಾಡ್ಕೊಡ್ತೀನಿ. ಬಾಲ್ಟಿಮೋರ್‌ನೋರು ಬೆಳಿಗ್ಗೆ ಕಾಲಿಟ್ರೆ ಮಧ್ಯಾಹ್ನ ಆ ಕಾಲು ಇಲ್ಲಿರುತ್ತೆ" ಎಂದ ಮೀನಾಸ್.

"ಪುಕ್ಕಟೆ ಯಾಕಪ್ಪ ಕೊಡ್ತಾರೆ? ಅವರಿಗೇನು ಲಾಭ?"

"ಪಕ್ಕದಲ್ಲಿ ಜಾಹೀರಾತು ಹಾಕ್ತಾರೆ. ಸೋಪು, ಕಾರು, ಅಂಥದ್ದು."

"ಹಾಕ್ಲಿ ಬಿಡು. ನನ್ನ ಬೂಟಿಗೆ ಸೋಪು ಹತ್ತಲ್ಲ."

ಗಿರಾಕಿಗಳದು ಒಂದು ನೆಪ. ಬಾಲ್ಟಿಮೋರ್ ಎಂಬ ಮಾತು ಕಿವಿಗೆ ಬಿದ್ದಾಗಲೇ ಅವಳು ಒಪ್ಪಿಯಾಗಿತ್ತು. ಆ ವಿಳಾಸ ಅಲ್ಲಿನ ಮನೆಮನೆಗೆ ಹೋಗುತ್ತದೆ, ಒಂದಲ್ಲ ಒಂದು ದಿನ ಸೆವಾಸ್ತಿಯ ಮನೆಗೂ ಹೋದೀತು.

ಪಾಸ್‌ವರ್ಡ್ ಇಟ್ಟದ್ದಾಯಿತು. ಅದು ಮರೆತುಹೋದರೆ ಕೇಳಲು ಒಂದು ಗುಟ್ಟಿನ ಪ್ರಶ್ನೆ ಆರಿಸಿಕೊಳ್ಳಿ ಎಂದು ಪರದೆ ಕೇಳಿತು. ಮೀನಾಸ್ ಓದಿದ: "ನಿಮ್ಮ ನಾಯಿಯ ಹೆಸರೇನು?"

"ನಾಯಿಗೇನು ಹೆಸರು? ನಾಯಿ ಅಂತೀವಿ."

"ನಿಮ್ಮ ಮೊದಲ ಮೇಷ್ಟ್ರ ಹೆಸರು?"

"ಆ ಇಟಲಿಯ ಮುಂಡೇದು! ಅವನ ಹೆಸರು ಈ ಬಾಯಲ್ಲಿ ಹೇಳಲ್ಲ."

"ನಿಮ್ಮ ತಾಯಿಯ ತಾಯಿಯ ಹೆಸರು?"

"ಹೂಂ, ಅದನ್ನಿಡು. ಅದು ಮರೆತರೆ ನಾನು ಬದುಕಿ ಪ್ರಯೋಜನ ಇಲ್ಲ."

ಒಲೆಯ ಮುಂದಿದ್ದ ಸೋಫಿಲ್ಲ ಕಾಫಿ ಉಕ್ಕುವುದನ್ನೂ ಮರೆತು ನಕ್ಕಳು. "ಅದೊಂದು ಗುಟ್ಟೇನೇ? ನಿನ್ನ ಕೂಗಿದ್ರೆ ಅವಳನ್ನ ಕೂಗಿದಂಗೆ! ಪೆಟ್ಟಿಗೆ ಮೇಲೆ ನಿನ್ನ ಹೆಸರು ಬರೆದೈತೆ, ಬೀಗದ ಕೈ ಮೇಲೂ ಅದೇ ಬರೆದೈತೆ."

ಮೀನಾಸ್‌ನಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅವನೂ ಆ ನೆಲದವನೇ. ಅಜ್ಜಿಯ ಹೆಸರು ಮೊಮ್ಮಗಳಿಗಿರುವುದು ಅವನಿಗೆ ಬಿಸಿಲಿನಷ್ಟು ಸಹಜ. ಇಂಥ ಪ್ರಶ್ನೆ ಬರೆದ ಅಥೆನ್ಸ್‌ನ ಜಾಣರಿಗೆ ಹೀಗೂ ಒಂದು ಊರಿದೆ ಎಂಬುದು ಹೊಳೆದಿರಲಿಲ್ಲ, ಅಷ್ಟೇ.

ರಿಗೊಪೂಲ ಪಾಸ್‌ವರ್ಡನ್ನು ಮೊದಲ ವಾರವೇ ಮರೆತಳು. ಆಮೇಲೆ ಪ್ರತಿಸಲವೂ ಅಜ್ಜಿಯ ಹೆಸರು ಬರೆದೇ ಒಳಗೆ ಹೋಗುವುದು ರೂಢಿಯಾಯಿತು. ಅವಳೊಬ್ಬಳೇ ಅಲ್ಲ. ಅವಳು ಬೂಟಿನ ಅಟ್ಟೆಗೆ ಮೊಳೆ ಬಡಿಯುತ್ತ ಕೂತಿದ್ದರೆ ಸೋಫಿಲ್ಲಳೇ ಪೆಟ್ಟಿಗೆ ತೆಗೆದು ನೋಡಿ, ಅಂಗಡಿಯ ಬಾಗಿಲಲ್ಲಿ ನಿಂತು ಮೆಟ್ಟಿಲುಬೀದಿಯ ತುದಿಗೆ ಕೇಳುವಂತೆ ಕೂಗುತ್ತಿದ್ದಳು. "ರಿಗೊಪೂಲಾ! ಬಾಲ್ಟಿಮೋರಿಂದ ಒಂದು ಕಾಲು ಬಂದೈತೆ ಕಣೇ! ಏನಗಲ ಅಂತೀಯ, ಬಾತುಕೋಳಿ ಪಾದ!" ಊರೆಲ್ಲ ನಗುತ್ತಿತ್ತು. ಬೇಸರವಾದವರು ಬಂದು ರೋಡ್ಸ್ ದ್ವೀಪದಲ್ಲಿರುವ ರಿಗೊಪೂಲಳ ಮಗಳು ಕಳಿಸಿದ ಫೋಟೋ ನೋಡಿ ಹೋಗುತ್ತಿದ್ದರು. ಮನೆಗೇ ಬೀಗವಿಲ್ಲದ ಊರಿನಲ್ಲಿ ಪೆಟ್ಟಿಗೆಗೆ ಯಾತರ ಬೀಗ? ತಾನು ತೆರೆಯದ ಮೇಲ್‌ಗಳು ಆಗಲೇ ತೆರೆದಿರುವುದನ್ನು ಕಂಡರೆ, ಸೋಫಿಲ್ಲಳ ಕೈಗುಣ ಎಂದುಕೊಂಡು ರಿಗೊಪೂಲ ಸುಮ್ಮನಾಗುತ್ತಿದ್ದಳು.

ಹೀಗಿರುವಾಗ ಅಥೆನ್ಸ್‌ನ ಒಬ್ಬ ಎಂಜಿನಿಯರ್, ಲಾಂಬ್ರೀದಿಸ್ ಎಂಬವನು, ಆವ್ಲೋನದ ಕಾಲುದಾರಿಯಲ್ಲಿ ನಡೆದು ಬಂದ. ಕಲೀತ್ಸಳ ಕಣವನ್ನೂ ಅದರ ಪಕ್ಕದ ಕಲ್ಲಿನ ಕೊಟ್ಟಿಗೆಯನ್ನೂ ನೋಡಿ ಮನಸೋತ. ಕೊಟ್ಟಿಗೆಯನ್ನು ಮನೆ ಮಾಡಿಕೊಳ್ಳುತ್ತೇನೆ, ಹೊಲ ಸಮೇತ ಕೊಡಿ ಎಂದ. ರಿಗೊಪೂಲ ಒಲ್ಲೆ ಎನ್ನಲಿಲ್ಲ. ಮಗಳು ಕಲೀತ್ಸ ರೋಡ್ಸ್‌ನಲ್ಲಿ ಹೋಟೆಲು ಕೆಲಸ ಹಿಡಿದಿದ್ದಾಳೆ, ಉಳುವವರಿಲ್ಲ. ಮೆಟ್ಟಿಲುಹೊಲದ ಗೋಡೆಗಳು ಒಂದೊಂದೇ ಕುಸಿಯುತ್ತಿವೆ, ಕಣದ ಅಂಚಿನ ಕಲ್ಲುಗಳು ಆಡು ತುಳಿದು ಉರುಳಿವೆ. ಹಾಳು ಬೀಳುವುದನ್ನು ಕಣ್ಣಾರೆ ನೋಡುವುದಕ್ಕಿಂತ ಯಾರೋ ಒಬ್ಬರು ದೀಪ ಹಚ್ಚಿಕೊಂಡಿರಲಿ ಎಂದುಕೊಂಡಳು. ಲಾಂಬ್ರೀದಿಸ್ ಮೇಲ್ ಬರೆದ, ಅವಳು ಉತ್ತರ ಬರೆದಳು, ಅವನು ಮತ್ತೆ ಬರೆದ. ಆಮೇಲೆ ಅವನ ಸದ್ದೇ ಇಲ್ಲ. ಪೆಟ್ಟಿಗೆಯಲ್ಲಿ ಅವನ ಹಳೆಯ ಮೇಲ್‌ಗಳೂ ಕಾಣಲಿಲ್ಲ. ಪುಕ್ಕಟೆ ಪೆಟ್ಟಿಗೆ, ಆಗಾಗ ಏನಾದರೂ ನುಂಗುವುದು ಅದರ ಚಾಳಿ ಎಂದು ಕಾದಳು.

ಸುದ್ದಿ ತಂದವನು ದ್ಯಾಫಾನಿಯ ದೋಣಿಯವನು. "ನಿನ್ನ ಎಂಜಿನಿಯರ್ರು ಬೇರೆ ದ್ವೀಪದಲ್ಲಿ ಜಾಗ ತಗೊಂಡ್ನಂತೆ ಅಕ್ಕಾ. ಆ ಮುದುಕಿ ನಂಗೆ ಉಗಿದು ಉಪ್ಪು ಹಾಕಿ ಬರೆದ್ಲು ಅಂತ ಹೇಳ್ಕೊಂಡು ತಿರುಗ್ತಾವ್ನೆ."

"ನಾನಾ? ನಾನೇನು ಬರೆದೆ?"

"ನನ್ನ ಕೇಳಿದ್ರೆ? ಬರೆದೋಳು ನೀನು."

ರಿಗೊಪೂಲಳಿಗೆ ನೆತ್ತಿಗೇರಿತು. ತನ್ನ ಪೆಟ್ಟಿಗೆಯಿಂದ, ತನ್ನ ಹೆಸರಿನಲ್ಲಿ ಯಾರೋ ಬರೆದಿದ್ದಾರೆ. ಯಾರು? ದಿನವೂ ಪೆಟ್ಟಿಗೆ ತೆಗೆಯುವವಳು ಯಾರು? ಪಕ್ಕದ ಹೊಲ ಯಾರದು? ಹೊರಗಿನವನು ಪಕ್ಕಕ್ಕೆ ಬರುವುದು ಯಾರಿಗೆ ಬೇಡವಾಗಿತ್ತು? ಅಂದು ಶನಿವಾರ, ಹೆಂಗಸರೆಲ್ಲ ಊರೊಲೆಯ ಹತ್ತಿರ ರೊಟ್ಟಿ ಸುಡುತ್ತಿದ್ದರು. ಸೋಫಿಲ್ಲ ಹಲಗೆಯ ಮೇಲೆ ಹಸಿ ರೊಟ್ಟಿ ಸಾಲಿಟ್ಟುಕೊಂಡು ತನ್ನ ಸರದಿಗೆ ಕಾಯುತ್ತಿದ್ದಳು.

"ಸೋಫಿಲ್ಲಾ, ನನ್ನ ಮೇಲು ಓದ್ತೀಯಾ?"

"ಓದ್ತೀನಿ. ಊರೇ ಓದುತ್ತೆ. ಇದೇನು ಇವತ್ತು ಹೊಸದಾಗಿ?"

"ಓದಿದ್ದು ಸಾಲದು ಅಂತ ಬರೆಯೋಕೂ ಶುರು ಮಾಡಿದ್ಯಾ? ಎಂಜಿನಿಯರಿಗೆ ನನ್ನ ಹೆಸರಲ್ಲಿ ಉಗಿದು ಬರೆದೋಳು ನೀನೇ ತಾನೇ?"

ಸೋಫಿಲ್ಲಳ ಕೈಯ ಹಲಗೆ ವಾಲಿ ಒಂದು ರೊಟ್ಟಿ ಬೂದಿಗೆ ಬಿತ್ತು. "ನಾನು? ಲೇ, ನಂಗೆ ಉಗೀಬೇಕು ಅನ್ಸಿದ್ರೆ ಅವನ ಎದುರಿಗೆ ನಿಂತು ಉಗೀತಿದ್ದೆ! ನಿನ್ನ ಹೆಸರು ಯಾಕೆ ಬೇಕು ನಂಗೆ? ನನ್ನ ಗಂಟಲಿಗೇನಾಗೈತೆ?"

"ನಿನ್ನ ಹೊಲದ ಪಕ್ಕ ಪರದೇಸಿ ಬರ್ತಾನೆ ಅಂತ ಹೊಟ್ಟೆಕಿಚ್ಚು!"

"ಹೊಟ್ಟೆಕಿಚ್ಚಂತೆ! ಅಮ್ಮ ಕಟ್ಟಿದ ಕಣಾನ ಮಾರೋಕೆ ಹೊರಟೋಳು ನೀನು, ಕಳ್ಳಿ ಅನ್ನಿಸ್ಕೊಳ್ಳೋಳು ನಾನು! ಇನ್ಮೇಲೆ ನಮ್ಮಂಗಡಿ ಮೆಟ್ಟಿಲು ಹತ್ತಬೇಡ. ನಿನ್ನ ಕಾಲುಗಳನ್ನ ನೀನೇ ಕೂಗ್ಕೋ ಹೋಗು!"

ಬೂದಿಗೆ ಬಿದ್ದ ರೊಟ್ಟಿಯನ್ನು ಒಲೆಯ ಸುತ್ತ ನಿಂತವರು ಯಾರೂ ಎತ್ತಲಿಲ್ಲ.

ರಿಗೊಪೂಲ ಮೀನಾಸ್‌ನಿಗೆ ಹೇಳಿಕಳಿಸಿದಳು. ಅವನು ತನ್ನ ಮಡಿಸುವ ಕಂಪ್ಯೂಟರನ್ನು ಹಿಡಿದು ಬೆಟ್ಟ ಹತ್ತಿ ಬಂದು, ಏದುಸಿರು ಬಿಡುತ್ತ ಅವಳ ಚರ್ಮದ ಚೂರುಗಳ ನಡುವೆ ಕೂತ. ಮೊದಲು ಕಂಪನಿಗೇ ಬರೆದು ಕೇಳಿದ್ದನಂತೆ. "ಏನಂದ್ರು?" ಎಂದಳು ಅವಳು.

"ನಿಮ್ಮ ಕಾಗದ ನಮಗೆ ಬಹಳ ಮುಖ್ಯ ಅಂದ್ರು. ಅಷ್ಟೇ. ಅದೂ ಮನುಷ್ಯ ಬರೆದಿದ್ದಲ್ಲ, ಯಂತ್ರ. ಪುಕ್ಕಟೆ ಪೆಟ್ಟಿಗೆ ದೊಡ್ಡಮ್ಮ, ಹೋಗಿ ಕೊರಳಪಟ್ಟಿ ಹಿಡಿಯೋಣ ಅಂದ್ರೆ ಅಲ್ಲಿ ಕೊರಳೇ ಇಲ್ಲ."

ಅವನು ಅಲ್ಲಿ ಇಲ್ಲಿ ಒತ್ತಿ, ಕಳಿಸಿದ ಮೇಲ್‌ಗಳನ್ನು ಇಡುವ ಜಾಗ ತೆಗೆದ. ರಿಗೊಪೂಲ ಅಲ್ಲಿಗೆ ಹೋದವಳೇ ಅಲ್ಲ. ಎಂಜಿನಿಯರಿಗೆ ಹೋಗಿದ್ದ ಉತ್ತರ ಅಲ್ಲೇ ಬಿದ್ದಿತ್ತು. ಕನ್ನಡಕ ಏರಿಸಿಕೊಂಡು ಅವಳೇ ಓದಿದಳು.

"ಆವ್ಲೋನದ ಹೊಲ ಮಾರೋದಕ್ಕಿಲ್ಲ. ನನ್ನ ತಾಯಿ ಬೆನ್ನ ಮೇಲೆ ಬಂಡೆ ಹೊತ್ತು ಕಟ್ಟಿದ ಕಣ ಅದು. ಅದರ ಮೇಲೆ ನಿನ್ನ ಕುರ್ಚಿ ಹಾಕಿ ಕೂರಬೇಡ. ಇನ್ನೊಂದು ಸಲ ಬರೆದರೆ ಚೆನ್ನಾಗಿರಲ್ಲ."

"ನೋಡಿ, ನನ್ನ ತಾಯಿ ಅಂತ ಬರೆದಿದಾನೆ. ನೀವೇ ಬರೆದಂಗಿರ್ಲಿ ಅಂತ ಎಂಥ ಬುದ್ಧಿ ನೋಡಿ ಕಳ್ಳಂದು" ಎಂದ ಮೀನಾಸ್. ಪೆಟ್ಟಿಗೆಯನ್ನು ಯಾವಾಗ ಯಾವ ಊರಿನಿಂದ ತೆರೆದರು ಎಂದು ತೋರಿಸುವ ಇನ್ನೊಂದು ಪುಟವನ್ನು ಅವನು ಹುಡುಕಿ ತೆಗೆದ. ಓಲಿಂಬೊಸ್‌ನ ಕಾಫಿ ಅಂಗಡಿಯ ಸಾಲಿನ ನಡುನಡುವೆ ಇನ್ನೊಂದು ಊರಿನ ಹೆಸರಿತ್ತು. ಒಂದು ಸಲವಲ್ಲ, ಹತ್ತಾರು ಸಲ. ಮೀನಾಸ್ ಪುಟ ಹಿಂದಕ್ಕೆ ಸರಿಸಿದಷ್ಟೂ ಅದು ಸಿಗುತ್ತಲೇ ಹೋಯಿತು. ಬಾಲ್ಟಿಮೋರ್.

"ಅಲ್ಲಿ ನಮ್ಮೋರು ರಾಶಿ ಇದಾರೆ. ಯಾರು ಅಂತ ಹುಡುಕೋದು?" ಎಂದು ಮೀನಾಸ್ ತಲೆ ಕೆರೆದುಕೊಂಡ.

ರಿಗೊಪೂಲಳ ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ಬೆನ್ನ ಮೇಲೆ ಬಂಡೆ ಹೊತ್ತವಳನ್ನು ನನ್ನ ತಾಯಿ ಎನ್ನಬಲ್ಲವರು ಭೂಮಿಯ ಮೇಲೆ ಇಬ್ಬರೇ. ಒಬ್ಬಳು ಮುಂದೆ ಹಸುವಿನ ಹಗ್ಗ ಹಿಡಿದು ನಡೆಯುತ್ತಿದ್ದಳು. ಇನ್ನೊಬ್ಬಳು, ಚಿಕ್ಕವಳು, ತಾಯಿಯ ಹಿಂದೆ ಸಣ್ಣ ಕಲ್ಲುಗಳನ್ನು ಮಡಿಲಲ್ಲಿ ತುಂಬಿಕೊಂಡು ಬರುತ್ತಿದ್ದಳು. ಆ ಮಡಿಲಿನವಳಿಗೆ ಆ ಹೊಲದ ಒಂದು ಹೆಂಟೆಯೂ ಸಿಗಲಿಲ್ಲ. ಅವಳೇ ಈಗ ಕಡಲಾಚೆ ಕೂತು ಆ ಹೊಲಕ್ಕೆ ಕಾವಲು ನಿಂತಿದ್ದಾಳೆ. ವರ್ಷಗಳಿಂದ ಅಜ್ಜಿಯ ಹೆಸರು ಹೇಳಿಕೊಂಡು ಒಳಗೆ ಬಂದಿದ್ದಾಳೆ, ಫೋಟೋ ನೋಡಿದ್ದಾಳೆ, ಯಾರ ಮದುವೆ ಯಾರ ಸಾವು ಎಂದು ಓದಿದ್ದಾಳೆ, ಬಂದ ಸದ್ದೂ ಕೇಳಿಸದಂತೆ ಹೋಗಿದ್ದಾಳೆ.

"ದೊಡ್ಡಮ್ಮ, ಹುಷಾರಿದೀರಾ? ನೀರು ತರ್ಲಾ?"

"ಬೇಡ. ಸೋಫಿಲ್ಲನ ಹತ್ರ ಹೋಗ್ಬೇಕು, ನಡಿ."

ಸೋಫಿಲ್ಲ ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ತಡೆದಳು. "ಕಳ್ಳಿ ಅಂಗಡಿಗೆ ಬಂದ್ರಾ ಅಮ್ಮಾವ್ರು? ಸಕ್ಕರೆ ಡಬ್ಬಿ ಎಣಿಸ್ಕೊಂಡು ಹೋಗಿ, ಕದ್ದಿರ್ತೀನಿ."

"ತಪ್ಪಾಯ್ತು ಕಣೇ ಸೋಫಿಲ್ಲಾ."

"ಇನ್ನೊಂದು ಸಲ ಹೇಳು, ಗಾಳಿಗೆ ಕೇಳಿಸ್ಲಿಲ್ಲ."

"ತಪ್ಪಾಯ್ತು ಅಂದೆ! ಊರೊಲೆ ಹತ್ರ ನಿಂತು ಬೇಕಾದ್ರೂ ಹೇಳ್ತೀನಿ. ಬರೆದೋಳು ಸೆವಾಸ್ತಿ."

ಸೋಫಿಲ್ಲಳ ಕೈ ಸೊಂಟದಿಂದ ಜಾರಿತು. ಚಿಕ್ಕಂದಿನಲ್ಲಿ ಮೂವರೂ ಒಂದೇ ಕಣದಲ್ಲಿ ಹೊರಳಿದವರು. ಅವಳು ರಿಗೊಪೂಲಳನ್ನು ಒಳಗೆಳೆದು ಕೂರಿಸಿ ಕಾಫಿಗೆ ಇಟ್ಟಳು. ಎಂಜಿನಿಯರಿಗೆ ಹೋದ ಉತ್ತರವನ್ನು ಸಾಲುಸಾಲಾಗಿ ಹೇಳಿಸಿಕೊಂಡು, "ಬೈದಿದ್ರೂ ಚೆನ್ನಾಗಿ ಬೈದವ್ಳೆ. ಆ ಕುರ್ಚಿ ಮಾತು ನಂಗೂ ಹೊಳೀತಿರ್ಲಿಲ್ಲ" ಎಂದಳು.

ಆ ದಿನ ರಿಗೊಪೂಲ ಒಂದು ಕೆಲಸ ಮಾಡಿದಳು. ಮೇಲ್ ಬರೆದಳು; ಕಳಿಸಬೇಕಾದ ವಿಳಾಸದ ಜಾಗದಲ್ಲಿ ತನ್ನದೇ ವಿಳಾಸ ಹಾಕಿದಳು. ಯಾರ ಹೆಸರನ್ನೂ ಕರೆಯಲಿಲ್ಲ. "ಹೊಲ ಮಾರೋದು ಬಿಟ್ಟಿದೀನಿ" ಎಂದಷ್ಟೇ ಬರೆದಿದ್ದಳು. ಅದು ತಿರುಗಿ ಅವಳ ಪೆಟ್ಟಿಗೆಗೇ ಬಂದು, ತೆರೆಯದ ಕಾಗದದಂತೆ ದಪ್ಪ ಅಕ್ಷರದಲ್ಲಿ ಕೂತಿತು. "ಅದನ್ನ ಯಾರೂ ಮುಟ್ಟಕೂಡ್ದು" ಎಂದು ಸೋಫಿಲ್ಲಳಿಗೆ ಕಟ್ಟಪ್ಪಣೆ ಮಾಡಿದಳು. ಸೋಫಿಲ್ಲ ಊರಿಗೆಲ್ಲ ಅದನ್ನೇ ಮಾಡಿದಳು. ಕೆಲವು ದಿನಗಳ ಮೇಲೆ ನೋಡಿದರೆ ಅಕ್ಷರ ತೆಳ್ಳಗಾಗಿತ್ತು. ಯಾರೋ ತೆರೆದು ಓದಿದ್ದರು.

ಅಲ್ಲಿಂದ ಇದು ನಡೆಯಿತು. ಆಡು ಈದಿತು, ಮೇಲಿನ ಗಿರಣಿಯ ಬಾಗಿಲು ಗಾಳಿಗೆ ಹೋಯಿತು, ತಾಯಿಯ ತಿಥಿಗೆ ಗೋಧಿ ಬೇಯಿಸಿ ಚರ್ಚಿಗೆ ಕೊಟ್ಟೆ, ಈ ವರ್ಷ ಅಂಜೂರ ಸಪ್ಪೆ. ಹೀಗೆ ಎರಡೆರಡು ಸಾಲು. ಎಲ್ಲವೂ ತನಗೆ ತಾನೇ ಬರೆದುಕೊಂಡಂತೆ. ಎಲ್ಲವೂ ದಪ್ಪ ಅಕ್ಷರದಲ್ಲಿ ಬರುತ್ತಿದ್ದವು, ಕೆಲವು ದಿನಕ್ಕೆ ತೆಳ್ಳಗಾಗುತ್ತಿದ್ದವು. ಉತ್ತರವಿಲ್ಲ. ರಿಗೊಪೂಲ ಅಂಗಡಿಗೆ ಬಂದು, ಕಾಫಿಗೂ ಮೊದಲು ಪರದೆ ನೋಡಿ, "ಓದಿದಾಳೆ" ಎನ್ನುತ್ತಿದ್ದಳು. ಸೋಫಿಲ್ಲ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು.

ಬೂಟಿನ ಕೆಲಸ ಹೆಚ್ಚಿರುವ ಈಸ್ಟರಿನ ಹಿಂದಿನ ದಿನಗಳಲ್ಲಿ ಒಮ್ಮೆ, ಬರೆದು ಕಳಿಸದೆ ಬಿಟ್ಟ ಮೇಲ್‌ಗಳ ಜಾಗದಲ್ಲಿ ಒಂದು ಸಾಲು ಕಂಡಿತು. ಅದನ್ನು ರಿಗೊಪೂಲ ಬರೆದಿರಲಿಲ್ಲ.

"ಕಣದ ಕಲ್ಲು ಬಿದ್ದಿದ್ದರೆ ಎತ್ತಿಸಿ ಇಡು. ಪಡುವಣ ಕಡೆಯವು ಯಾವಾಗಲೂ ಸಡಿಲ."

ರಿಗೊಪೂಲ ಅದನ್ನು ಓದಿದಳು, ಮತ್ತೆ ಓದಿದಳು. ಪರದೆಯ ಮೇಲೆ ಅಂಗೈಯಿಟ್ಟಳು. ಪಡುವಣ ಕಡೆಯ ಸಣ್ಣ ಕಲ್ಲುಗಳನ್ನು ಮಡಿಲಲ್ಲಿ ತಂದು ಇಟ್ಟವಳೇ ಸೆವಾಸ್ತಿ. ಪುಟ್ಟ ಕೈ, ಸರಿಯಾಗಿ ಕೂರಿಸಲು ಬಂದಿರಲಿಲ್ಲ. ಮಾರನೆಯ ದಿನ ಅರ್ಧ ಹೊಲಿದ ಬೂಟನ್ನು ಹಾಗೇ ಬಿಟ್ಟು, ಸೋಫಿಲ್ಲಳನ್ನು ಜೊತೆಗೆ ಕರೆದುಕೊಂಡು ಆವ್ಲೋನಕ್ಕೆ ನಡೆದಳು. ಇಬ್ಬರು ಮುದುಕಿಯರು ಬೈದಾಡಿಕೊಂಡು, ನಡು ಹಿಡಿದುಕೊಂಡು, ಉರುಳಿದ ಕಲ್ಲುಗಳನ್ನೆಲ್ಲ ಎತ್ತಿ ಕೂರಿಸಿದರು.

ಅದರ ಬೆನ್ನಿಗೇ ನಿಜವಾದ ಕಳ್ಳ ಬಂದ. ಯಾವ ದೇಶದವನೋ, ಯಾರ ಮಗನೋ. ಆ ಕಂಪನಿಯ ಸಾವಿರಾರು ಪೆಟ್ಟಿಗೆಗಳ ಜೊತೆ ರಿಗೊಪೂಲಳದ್ದಕ್ಕೂ ನುಗ್ಗಿ, ಅವಳ ಗಿರಾಕಿಗಳಿಗೆಲ್ಲ ಅವಳ ಹೆಸರಿನಲ್ಲೇ ಗಂಡಸರ ಶಕ್ತಿಮಾತ್ರೆಯ ಜಾಹೀರಾತು ಕಳಿಸಿದ. ಬಾಲ್ಟಿಮೋರ್‌ನ ಪಾದ್ರಿಗೂ ಹೋಯಿತು. ಪಾದ್ರಿಯ ಹೆಂಡತಿ ಫೋನ್ ಮಾಡಿ ತಣ್ಣಗೆ ವಿಚಾರಿಸಿದಳು. ಊರಿನ ಗಂಡಸರು ಬೀದಿಯಲ್ಲಿ ಅಡ್ಡಗಟ್ಟಿ "ಅಕ್ಕಾ, ಬೂಟಿನ ಜೊತೆ ಮಾತ್ರೆ ಪುಕ್ಕಟೆನಾ?" ಎಂದು ಕೇಳತೊಡಗಿದರು. ರಿಗೊಪೂಲ ದಬ್ಬಳ ತೋರಿಸಿ ಓಡಿಸಿದಳು. ಮಗಳು ರೋಡ್ಸ್‌ನಿಂದ ಅಳುತ್ತ ಫೋನ್ ಮಾಡಿ, ಮಾನ ಹೋಯಿತು, ಆ ಪೆಟ್ಟಿಗೆ ಮುಚ್ಚಿಸು ಎಂದಳು.

ಮೀನಾಸ್ ಮತ್ತೆ ಬೆಟ್ಟ ಹತ್ತಿದ. ಈ ಸಲ ಅವನ ಮುಖ ಗಡುಸಾಗಿತ್ತು. ಅವನು ಹೇಳಿದ್ದು ನ್ಯಾಯವಾದ ಮಾತೇ. ಪಾಸ್‌ವರ್ಡ್ ಬದಲಾಯಿಸಬೇಕು, ಅಜ್ಜಿಯ ಪ್ರಶ್ನೆ ತೆಗೆಯಬೇಕು, ಯಾರು ಒಳಗೆ ಹೋಗಬೇಕಾದರೂ ಅವಳ ಮೊಬೈಲಿಗೆ ಒಂದು ಸಂಖ್ಯೆ ಬಂದು ಅದನ್ನು ಬರೆದರೆ ಮಾತ್ರ ತೆರೆಯುವಂತೆ ಮಾಡಬೇಕು. ಇಲ್ಲದಿದ್ದರೆ ಆ ಕಳ್ಳ ನಾಳೆ ಇನ್ನೂ ಕೆಟ್ಟದ್ದನ್ನು ಕಳಿಸುತ್ತಾನೆ, ಗಿರಾಕಿಗಳು ಬಿಟ್ಟುಹೋಗುತ್ತಾರೆ.

"ಚಿಕ್ಕಮ್ಮನ ಯೋಚನೆ ನಿಮಗೆ, ಗೊತ್ತು ನಂಗೆ" ಎಂದ ಅವನು, ದನಿ ತಗ್ಗಿಸಿ. "ಅದಕ್ಕೂ ದಾರಿ ಇದೆ. ಬಾಲ್ಟಿಮೋರ್‌ನ ನಮ್ಮೂರ ಸಂಘಕ್ಕೆ ಫೋನ್ ಮಾಡಿದ್ರೆ ಅವರ ನಂಬರ್ ಕೊಡ್ತಾರೆ. ನಾನೇ ಮಾತಾಡ್ತೀನಿ. ಹಿಂಗಿಂಗೆ ಬೀಗ ಬದಲಾಯ್ಸಿದೀವಿ, ಇದು ಹೊಸ ಕೈ ಅಂತ ಹೇಳ್ತೀನಿ. ನೀವೂ ಮಾತಾಡಿ. ಇನ್ನೆಷ್ಟು ದಿನ ಹಿಂಗೆ? ಒಪ್ಕೊಳ್ಳಿ ದೊಡ್ಡಮ್ಮ, ಈಗ್ಲೇ ಮಾಡ್ಬಿಡ್ತೀನಿ."

ಸೋಫಿಲ್ಲ ಕಾಫಿ ತಂದಿಟ್ಟಳು. ರಿಗೊಪೂಲ ಮಡಿಲಿನಲ್ಲಿದ್ದ ಬೂಟಿನ ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದಳು. ಮೀನಾಸ್‌ನ ಕಂಪ್ಯೂಟರಿನ ಮುಚ್ಚಳವನ್ನು ತಾನೇ ಮೆಲ್ಲಗೆ ಮಡಚಿದಳು.

"ಬೇಡ ಕಣಪ್ಪ. ನಿನ್ನ ಮಾತು ಸುಳ್ಳಲ್ಲ, ನಿನ್ನ ಕೈ ಚೆನ್ನಾಗಿರ್ಲಿ. ಆ ಕಳ್ಳ ನಾಳೆ ಬಂದ್ರೆ ಬರ್ಲಿ, ಪಾದ್ರಿ ಹೆಂಡ್ತಿ ಕೈಲಿ ಇನ್ನೊಂದು ಸಲ ಅನ್ನಿಸ್ಕೊಂಡ್ರಾಯ್ತು, ಅದರಿಂದ ನಂಗೇನು ಸವೆಯಲ್ಲ. ಹೋಗೋ ಗಿರಾಕಿ ಹೋಗ್ಲಿ. ಫೋನೂ ಮಾಡ್ಬೇಡ. ಫೋನು ಮಾಡಿದ್ರೆ ಅವಳು ಮಾತಾಡ್ಲೇಬೇಕು, ಮಾತಾಡಿದ್ರೆ ಆ ಎರಡು ಪಟ್ಟಿ ಹೊಲ ಬಾಯಿಗೆ ಬರುತ್ತೆ, ಬಂದ್ರೆ ನನ್ನ ಹತ್ರ ಜವಾಬಿಲ್ಲ. ಬೀಗ ಹಾಕಿದ್ರೆ ಅವಳು ಬಂದು ಬಾಗಿಲು ತಟ್ಟಬೇಕಾಗುತ್ತೆ. ಅವಳು ತಟ್ಟೋಳಲ್ಲ ಮೀನಾಸ್, ತಿರುಗಿ ಹೋಗೋಳು. ಒಂದು ಸಲ ಹೋಗಿದ್ದು ನೋಡಿದೀನಿ. ಬೇಡ, ಹಂಗೇ ಇರ್ಲಿ ಬಿಡು. ಕಾಫಿ ಕುಡಿದು ಕತ್ತಲಾಗೋಕೆ ಮುಂಚೆ ಬೆಟ್ಟ ಇಳಿ."